ರದ್ದಾದ ಅರ್ಜಿ

ಜೂನ್ 22, ಭಾನುವಾರ

ಚಿನ್ನೂ,

ಪ್ರತಿ ಸಲ ‘ಮುದ್ದಿನ’ ಅಂತ ಸೇರಿಸಿ ಬರೆಯುತ್ತಿದ್ದೆ. ಇವತ್ತು ಕೈ ಬರಲಿಲ್ಲ, ಬಿಟ್ಟೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಬುಧವಾರ ಅರ್ಧ ದಿನ ರಜೆ ಹಾಕಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಬಂದಿದ್ದೆ. ಭೌತಶಾಸ್ತ್ರ ಡಿಗ್ರಿಯ ಪ್ರವೇಶ ಪರೀಕ್ಷೆಗೆ ಹತ್ತೇ ದಿನ ಉಳಿದಿದ್ದರೂ ನನ್ನ ಹಾಲ್ ಟಿಕೆಟ್ ಬಂದಿರಲಿಲ್ಲ. ಕೇಳಿದಾಗಲೆಲ್ಲ ನೀನು “ಬರತ್ತಮ್ಮ, ಅವರದ್ದು ಯಾವಾಗಲೂ ಲೇಟು” ಅನ್ನುತ್ತಿದ್ದೆ. ಕಚೇರಿಯ ಗುಮಾಸ್ತೆ ನನ್ನ ಹೆಸರು, ಹುಟ್ಟಿದ ತಾರೀಖು ಒತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫೋಟೋ, ಅಂಕಪಟ್ಟಿ ಎಲ್ಲ ಇತ್ತು.

“ಇದನ್ನ ಮಾರ್ಚಲ್ಲಿ ನೀವೇ ರದ್ದು ಮಾಡಿದ್ದೀರಲ್ಲ?” ಅಂದರು.

“ನಾನಾ?”

ಅವರು ಬೆರಳಿಟ್ಟು ತೋರಿಸಿದರು. ರದ್ದತಿಗೆ ಕಾರಣ ಎಂಬಲ್ಲಿ ಎರಡೇ ಪದ: ಕೌಟುಂಬಿಕ ಕಾರಣ.

ಅರ್ಜಿ ತುಂಬಿದವಳು ನೀನು. ಪಾಸ್‌ವರ್ಡ್ ಇದ್ದದ್ದು ನಿನ್ನ ಹತ್ತಿರ. ಆದರೂ ಗೇಟು ದಾಟುವವರೆಗೂ ಕಂಪ್ಯೂಟರನ್ನೇ ಬೈದುಕೊಂಡೆ. ನಿನ್ನನ್ನು ಅನುಮಾನಿಸಲು ನನಗೆ ಅಷ್ಟು ಹೊತ್ತು ಬೇಕಾಯಿತು.

ಬಸ್ ನಿಲ್ದಾಣದಿಂದಲೇ ಫೋನ್ ಮಾಡಿದೆ. ನೀನು ಇಲ್ಲ ಅನ್ನಲಿಲ್ಲ. “ಅದೇ ಡಿಪಾರ್ಟ್‌ಮೆಂಟಮ್ಮ, ಅದೇ ಲ್ಯಾಬು. ನೀನು ಮುಂದಿನ ಬೆಂಚಲ್ಲಿ ಕೂತ್ಕೊಂಡು ಕೈ ಎತ್ತಿ ಪ್ರಶ್ನೆ ಕೇಳ್ತೀಯ. ಎಲ್ಲರೂ ನನ್ನ ಮುಖ ನೋಡ್ತಾರೆ. ನನ್ನ ಪಾಡೇನು?” ಅಂದೆ. ನಾನು ಮಾತು ಮುಗಿಸದೆ ಫೋನ್ ಇಟ್ಟುಬಿಟ್ಟೆ. ಬಂದ ಎರಡು ಬಸ್ಸುಗಳನ್ನು ಹತ್ತಲಿಲ್ಲ.

ನಾಚಿಕೆ ನನಗೂ ಗೊತ್ತು. ಮಾರ್ಚಿನಲ್ಲೇ ನೀನು “ಬೇಡಮ್ಮ, ನಂಗೆ ಮುಜುಗರ” ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಬೇರೆ ಕಡೆ ಅರ್ಜಿ ಹಾಕುತ್ತಿದ್ದೆ. ನನಗೆ ನುಂಗಲಾಗದೆ ಇರುವುದು ಆಮೇಲಿನ ಮೂರು ತಿಂಗಳು. ಪ್ರತಿ ಭಾನುವಾರ ನೀನೇ ಫೋನ್ ಮಾಡಿ ಲಾಗರಿದಂ ಹೇಳಿಕೊಟ್ಟೆ. ಇಳಿಜಾರಿನ ಲೆಕ್ಕ ತಲೆಗೆ ಹತ್ತಿದ ದಿನ ನಾನು ಒಗೆಯುವ ಬಟ್ಟೆ ಬಿಟ್ಟು ಕುಣಿದೆ. ನೀನು “ಭೇಷ್ ಅಮ್ಮ, ಸೀಟು ಗ್ಯಾರಂಟಿ” ಅಂದೆ. ಇಲ್ಲದ ಪರೀಕ್ಷೆಗೆ ನನ್ನನ್ನು ಓದಿಸುವಾಗ ನಿನ್ನ ಮುಖ ಹೇಗಿತ್ತು, ಚಿನ್ನೂ? ಬರೀ ದನಿ ಕೇಳಿ ನಂಬಿದವಳು ನಾನು.

ಈ ವಯಸ್ಸಲ್ಲಿ ಡಿಗ್ರಿ ಯಾಕೆ ಅಂತ ನೀನು ಒಮ್ಮೆ ಕೇಳಿದ್ದೆ. ಆಗ ನಾನು ನಕ್ಕು ಮಾತು ತೇಲಿಸಿದೆ, ಈಗ ಹೇಳುತ್ತೇನೆ. ಹತ್ತೊಂಬತ್ತು ವರ್ಷದಿಂದ ಕಾರ್ಖಾನೆಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದೇನೆ. ಯಾವ ನಂಬರಿಗೆ ಗಾಜು ಎಷ್ಟು ಬಾಗಬೇಕು ಅನ್ನುವುದು ಕೈಗೆ ಗೊತ್ತು. ಬೆಳಕು ಯಾಕೆ ಹಾಗೆ ಬಾಗುತ್ತದೆ ಅನ್ನುವುದು ಗೊತ್ತಿಲ್ಲ. ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದರೆ “ಹಾಗೇ ಅದು” ಅನ್ನುತ್ತೇನೆ. ಇನ್ನೊಬ್ಬರಿಗೆ ಹಾಗೆ ಹೇಳಿ ಹೇಳಿ ನನಗೇ ಸಾಕಾಗಿದೆ. ಇಷ್ಟೇ ಕಾರಣ, ದೊಡ್ಡದೇನಿಲ್ಲ.

ಈ ವರ್ಷ ಹೋಯಿತು. ಗುಮಾಸ್ತೆ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು, ಪರೀಕ್ಷೆ ಬರೆಯುವವರ ಪಟ್ಟಿ ಆಗಲೇ ಮುಗಿದಿತ್ತು. ಮುಂದಿನ ಅರ್ಜಿ ಫೆಬ್ರವರಿಗೆ. ಬೇರೆ ಊರಿಗೆ ಹಾಕುವುದಿಲ್ಲ, ಅಲ್ಲಿಗೇ ಹಾಕುತ್ತೇನೆ. ನನ್ನ ಕೈಯಾರೆ ತುಂಬುತ್ತೇನೆ. ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಹುಡುಕುವುದನ್ನು ಗುರುವಾರದಿಂದ ಶುರು ಮಾಡಿದ್ದೇನೆ. ನಾನು ಸೇರುವ ಹೊತ್ತಿಗೆ ನೀನು ಕೊನೆಯ ವರ್ಷದಲ್ಲಿರುತ್ತೀಯ. ಕಾರಿಡಾರಿನಲ್ಲಿ ಎದುರಾದರೆ ಅಮ್ಮ ಅಂತ ಕರೆಯಬೇಕಿಲ್ಲ. ಪ್ರಶ್ನೆ ಮಾತ್ರ ಮುಂದಿನ ಬೆಂಚಿನಿಂದಲೇ ಕೇಳುತ್ತೇನೆ.

ಊಟ ಬಿಡಬೇಡ.

ಇಂತಿ,
ಅಮ್ಮ

ತಾ.ಕ.: ಹಾಲ್ ಟಿಕೆಟ್ ಎಲ್ಲಿ ಅಂತ ನಿನ್ನಪ್ಪ ಕೇಳಿದರು. ಅರ್ಜಿಯ ಕೊನೆಯ ದಿನ ನಾನೇ ಮರೆತೆ ಅಂದೆ. “ಇಷ್ಟೆಲ್ಲ ಓದಿ ಅದನ್ನೇ ಮರೆತ್ಯಾ?” ಅಂತ ನಕ್ಕರು, ಸಂಜೆ ನಿನ್ನ ದೊಡ್ಡಪ್ಪನ ಮುಂದೆ ಹೇಳಿ ಇನ್ನೊಮ್ಮೆ ನಕ್ಕರು. ನಾನೂ ಜೊತೆಗೆ ನಕ್ಕೆ. ನಿಜ ಏನೆಂದು ನೀನೇ ಅವರಿಗೆ ಹೇಳಬೇಕು. ಅಲ್ಲಿಯವರೆಗೆ ಭಾನುವಾರದ ಫೋನ್ ಬೇಡ.