ಹಿಂದಕ್ಕೆ ತುಳಿದ ಪೆಡಲ್

ಭಾವ,

ಹೊಸ ತಿಪ್ಪಸಂದ್ರದ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ತರಬೇತಿಗೆ ರಜೆಯಿದ್ದ ಈ ಭಾನುವಾರ ನಾನು ಜರ್ಮನಿಯ ನೆಕ್ಕರ್ ನದಿಯ ದಡದಲ್ಲಿ ದಿನವಿಡೀ ಬಾಡಿಗೆ ಸೈಕಲ್ ತುಳಿದೆ! ದಾರಿಯುದ್ದಕ್ಕೂ ಗುಡ್ಡಕ್ಕೊಂದು ಕೋಟೆ, ಕೆಳಗೆ ದ್ರಾಕ್ಷಿತೋಟ. ಇಳಿಜಾರಿನಲ್ಲಿ ನಮ್ಮೂರ ಚಟದಂತೆ ಟಿಕ್‌ಟಿಕ್ ಸದ್ದು ಕೇಳಲೆಂದು ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಇಲ್ಲಿ ಅದೇ ಬ್ರೇಕಂತೆ! ಸೈಕಲ್ ಅಲ್ಲೇ ನಿಂತಿತು, ನಾನು ಮಾತ್ರ ದ್ರಾಕ್ಷಿತೋಟದವರೆಗೆ ಪ್ರಯಾಣ ಮುಂದುವರಿಸಿದೆ. ಮಂಡಿ ತರಚಿದೆ, ಹಸಿವು ಎಂದಿನಂತಿದೆ.

ಆದರೆ ನಾನು ಹೊರಡುವಾಗ ನಿಮ್ಮ ತಂಗಿ, "ಇನ್ನೊಂದ್ಸಲ ಬಿದ್ರೆ ಇಲ್ಲಿರೋ ನಿಮ್ಮ ಸೈಕಲ್ ಗುಜರಿಗೇ ರೀ" ಅಂದಿದ್ದಾಳೆ. ಪೋಸ್ಟ್‌ಮ್ಯಾನ್ ಮುತ್ತಣ್ಣ ಈ ಕಾರ್ಡನ್ನು ನಿಮಗಿಂತ ಮೊದಲೇ ಓದಿರುತ್ತಾನೆ. ಅವನು ನಮ್ಮ ಬೀದಿಗೆ ಹೋಗಿ ಅವಳಿಗೆ ಸುದ್ದಿ ಮುಟ್ಟಿಸುವ ಮುಂಚೆ ದಯವಿಟ್ಟು ನನ್ನ ಸೈಕಲನ್ನು ನಿಮ್ಮ ಮನೆಗೆ ತಂದಿಟ್ಟುಕೊಳ್ಳಿ.

ಹಯಗ್ರೀವ