ಸ್ಪೀಡು ಇಳಿದ ಸೋಮವಾರ

ಅಕ್ಟೋಬರ್ 28, ಬೆ. 7
ಬ್ಯಾಟರಿ ಬದಲಾಯಿಸಿದೆ. ಸ್ಪೀಡು ನಿಮಿಷಕ್ಕೆ 5400 ಸುತ್ತು. ಹೊಟ್ಟೆಯಿಂದ ಹೊರಬಂದ ವೈರಿನ ಸುತ್ತ ಹೆಂಡತಿ ಕಮಲಾಕ್ಷಿ ಡ್ರೆಸ್ಸಿಂಗ್ ಮಾಡಿದಳು. ನಿನ್ನೆ ತಲೆ ಸುತ್ತಿತ್ತು, ಬಿಸಿಲಿಗಿರಬೇಕು. ಮೂವತ್ತು ವರ್ಷ ಕೊರಟಗೆರೆಯ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತಿದವನ ಎದೆಯೊಳಗೇ ಈಗೊಂದು ಮೋಟರು. ಸೋತ ಹೃದಯದ ಜೊತೆ ನಿಂತು ರಕ್ತ ದೂಡುತ್ತದೆ. ಹಾಕಿಸಿ ಎಂಟು ತಿಂಗಳಾಯಿತು.

ಅಕ್ಟೋಬರ್ 30, ಬೆಂಗಳೂರು ಆಸ್ಪತ್ರೆ
ಡಾಕ್ಟರ್ ಯಶಸ್ವಿನಿ ಹೊಸ ಪ್ರೋಗ್ರಾಂ ಹಾಕಿದರು. ಇನ್ನೂ ಪರೀಕ್ಷೆಯಲ್ಲಿರುವುದು. ಇಷ್ಟು ದಿನ ಸ್ಪೀಡು ಒಂದೇ. ಇನ್ನು ಮೇಲೆ ಮೋಟರಿನ ಕರೆಂಟು ನೋಡಿ ಸೊಂಟದಲ್ಲಿರುವ ಕಂಟ್ರೋಲರೇ ಏರಿಸುತ್ತೆ, ಇಳಿಸುತ್ತೆ. ಒಳಗೆ ಬೇರೆ ಸೆನ್ಸರ್ ಇಲ್ಲ.
"ನಂಬಿಕೆ ಬರುತ್ತಾ?" ಎಂದರು. ನಗು ಬಂತು. ಎಂಟುನೂರು ಅಡಿ ಕೆಳಗಿನ ನೀರನ್ನು ಮೇಲೆ ನಿಂತು ಕರೆಂಟು ಅಳೆಯುವ ಆಂಪ್ಸ್ ಮೀಟರಿನಲ್ಲೇ ಕಂಡವನು ನಾನು; ನೀರು ತಗ್ಗಿದರೆ ಮುಳ್ಳೂ ಇಳಿಯುತ್ತೆ. ಸಹಿ ಹಾಕಿದೆ. ಎರಡು ವಾರ ತೊಂದರೆಯಾಗದಿದ್ದರೆ ನನ್ನ ಮೋಟರ್ ರಿಪೇರಿ ಅಂಗಡಿಗೆ ಹೋಗಬಹುದಂತೆ. ಅದೊಂದೇ ಬೇಕು ನನಗೆ.

ನವೆಂಬರ್ 3, ಸೋಮವಾರ, ಬೆ. 11
ಸ್ಪೀಡು 5100. ತಾನಾಗಿ ಇಳಿದಿದೆ... ಈಗ 4900. ತಲೆ ಸುತ್ತು. ದರಿದ್ರ ಪ್ರೋಗ್ರಾಂ.

ಮ. 2
ಹಳೆಯದನ್ನೇ ಹಾಕಿ ಎನ್ನಲು ಫೋನ್ ತೆಗೆದೆ. ಕಮಲಾಕ್ಷಿ ಕಿತ್ತುಕೊಂಡಳು.
"ಮೋಟ್ರು ಕೆಟ್ಟೋಗೈತೆ ಅಂತ ಬಂದೋರ್ನ ಮೊದ್ಲು ಏನ್ ಕೇಳ್ತೀರಿ?"
"ಬೋರಲ್ಲಿ ನೀರೈತಾ ಅಂತ."
"ನೀವು ನೀರು ಕುಡ್ದು ಎಷ್ಟೊತ್ತಾಯ್ತು?"
ಕಾರ್ತಿಕ ಸೋಮವಾರ. ನೀರೂ ಮುಟ್ಟದ ಉಪವಾಸ, ಮದುವೆಗೂ ಮುಂಚಿನ ರೂಢಿ. ಹೋದ ಸೋಮವಾರವೂ ಹಾಗೇ ಇದ್ದೆ, ಅವತ್ತೂ ತಲೆ ಸುತ್ತಿತ್ತು.
ಅವಳೇ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮಲಗಿಸಿ ನಿಧಾನಕ್ಕೆ ನೀರು ಕುಡಿಸಿದಳು. ಸ್ಪೀಡು ಮತ್ತೆ 5400. ಹಳೇ ಪ್ರೋಗ್ರಾಂ ಇದ್ದಿದ್ದರೆ ಮೋಟರು ಅದೇ ಸ್ಪೀಡಿನಲ್ಲಿ ಓಡಿ, ನೀರಿಲ್ಲದೆ ಕಡಿಮೆಯಾದ ರಕ್ತ ಸಾಲದೆ ಹೃದಯದ ಗೋಡೆಯನ್ನೇ ಎಳೆಯುತ್ತಿತ್ತು. ಹೆದರಿಕೆಯಾಯಿತು. ಅವಳು ಫೋನಿನಲ್ಲಿದ್ದಾಗ, ಉಪವಾಸದ ಮಾತು ಮಾತ್ರ ಎತ್ತಬೇಡ ಎಂದು ಕಣ್ಸನ್ನೆ ಮಾಡಿದ್ದೆ. ಅಂಗಡಿ ತಪ್ಪಿಹೋದರೆ?

ನವೆಂಬರ್ 4
ಡಾಕ್ಟರಮ್ಮನ ಫೋನ್. ಕಾರಣವಿಲ್ಲದೆ ಸ್ಪೀಡು ಇಳಿದಿದೆ, ಪ್ರೋಗ್ರಾಂ ತೆಗೆದುಬಿಡೋಣ ಎಂದರು. ಸುಮ್ಮನಿದ್ದರೆ ನಾನು ಪಾರು. ಆದರೆ ಸರಿಯಾಗಿ ದುಡಿದ ಮೆಶೀನಿನ ಮೇಲೆ ತಪ್ಪು ಹೊರಿಸಲು ಮನಸ್ಸು ಬರಲಿಲ್ಲ. ಹೇಳಿಬಿಟ್ಟೆ. ಚೆನ್ನಾಗಿ ಬೈದರು. ಪ್ರೋಗ್ರಾಂ ಇರಲಿ, ಎರಡು ವಾರ ಇವತ್ತಿನಿಂದ ಲೆಕ್ಕ ಎಂದರು.

ನವೆಂಬರ್ 18, ಅಂಗಡಿ
ನಡೆದೇ ಬಂದೆ. ದಾರಿಯಲ್ಲಿ ಸ್ಪೀಡು ತಾನೇ 5600ಕ್ಕೆ ಏರಿತು. ಖುಷಿಗೆ ಕಣ್ಣು ತುಂಬಿತು. ಎದೆಯ ಮೆಶೀನಿಗೆ ತೊಂದರೆಯೆಂದು ಅಂಗಡಿಯ ಮೋಟರು ಮುಟ್ಟುವ ಹಾಗಿಲ್ಲ, ದೂರ ಕೂತು ಹೇಳಬೇಕು. ಕಮಲಾಕ್ಷಿ ಸೆರಗು ಸಿಕ್ಕಿಸಿ ತಾಮ್ರದ ತಂತಿ ಸುತ್ತಲು ಕೂತಿದ್ದಾಳೆ. ಸುತ್ತು ಎಣಿಸುವುದು ನನ್ನ ಕೆಲಸ. ಮೂವತ್ತೇಳು, ಮೂವತ್ತೆಂಟು...
"ರೀ, ಬರೆಯೋದು ಬುಟ್ಟು ಇತ್ಲಾಗ್ ನೋಡಿ. ಎಷ್ಟಾಯ್ತು?"
ಬರೆಯುತ್ತಾ ಲೆಕ್ಕ ತಪ್ಪಿತು, ಪೆನ್ನಿಗೇ ಕೈ ಹಾಕಿದಳು. ಮೂವತ್ತೊಂಬತ್ತೋ, ನಲ—