ನೀಲಿ ಹರಳು

ಇಳಕಲ್ಲ
೧೪-೮-೨೦೦೩

ತಮ್ಮಾ ಕಲ್ಲೇಶ,

ನಿನ್ನ ಅಕ್ಕ ರೇಣವ್ವನ ಆಶೀರ್ವಾದ. ಇಲ್ಲಿ ನಾವೆಲ್ಲ ಆರಾಮ ಅಂತ ಸುಳ್ಳ ಬರಿಯಾಕ ಕೈ ಬರಲಿಲ್ಲ, ಅದಕ್ಕ ಕಾಗದ ತಡಾತು. ಸಿಟ್ಟಾಗಬ್ಯಾಡ. ಸಿಟ್ಟಾಗಾಕಿ ನಾನು! ಆ ದಿನ ಸಂಜೀ ಬಸ್ಸಿಗೇ ಬಾದಾಮಿಗೆ ಓಡಿ, ಅವ್ವನ ಸೆರಗ ಹಿಡಕೊಂಡು ಕುಂತೀಯಲ್ಲ, ನಾಚಿಕಿ ಬರೂದಿಲ್ಲೇನೋ?

ಸಾಲ್ಯಾಗ ಕನ್ನಡ ಹೇಳೂ ನನ್ನ ಮಾರಿನ ಎಲ್ಲಾರೂ ನೋಡ್ತಾರ. ಹೆಡ್‌ಮಾಸ್ತರ್ರು ಪ್ರಯೋಗದ ಖೋಲಿಗೆ ಕೀಲಿ ಜಡದು, "ನಿಮ್ಮ ತಮ್ಮ ಬೋರ್ಡಿನ ಮ್ಯಾಲ ಚಿತ್ರ ತಗದು ಸುಮ್ಮನಿದ್ದಿದ್ರ ಆಗ್ತಿತ್ತಲ್ರಿ ಅಕ್ಕೋರ" ಅಂದ್ರು. ಮೈ ಉರೀತು. ಇಷ್ಟು ವರ್ಷ ಇದ ಸಾಲ್ಯಾಗ ವಿಜ್ಞಾನ ಹೇಳಿ ಬರೇ ಚಿತ್ರಾನ ತಗದೀ, ಅದಕ್ಕ ಹಿಂಗಾತು. ತರಬೇತ್ಯಾಗ ಯಾರೋ ಮಾಡಿದ್ದು ದೂರಿಂದ ನೋಡಿ ಬಂದಿ. ತಪಾಸಣಿ ಐತಿ ಅಂತ ಮೊದಲನೇ ಸಲ ಆಸಿಡ್ ಬಾಟ್ಲಿ ಬಿಚ್ಚಿದಿ.

ಮಕ್ಕಳು ಹೇಳಿದ್ದು ಕೇಳು. ಮೈಲುತುತ್ತದ ನೀಲಿ ಹರಳಿಗೆ ಆಸಿಡ್ ಹಾಕಿ, ದೀಪದ ಮ್ಯಾಲಿಟ್ಟು, ರೂಢಿಯಂಗ ಬೋರ್ಡಿನ ಕಡೆ ತಿರುಗಿದ್ಯಂತ. "ನೀಲಿ ಹೋಗಿ ಬಿಳಿ ಆಗುತ್ತದೆ" ಅಂತ ಬರಿಯಾಕತ್ತಿದ್ಯಂತ. ಹಿಂದ ಹೊಗಿ ಎದ್ದೈತಿ. ಸಿದ್ದವ್ವ ನೂಲಿಗೆ ಬಣ್ಣ ಹಾಕೂ ಹಣಮಪ್ಪನ ಮಗಳು. ಅವರ ಮನ್ಯಾಗ ಬಣ್ಣದ ಹಂಡೆ ಉಕ್ಕಿದ್ರ ತಣ್ಣೀರು ಹಾಕ್ತಾರ. ಸರ್‌ಗೆ ತ್ರಾಸ ಆಗಬಾರದಂತ ಅಕಿನೂ ಬೊಗಸಿ ನೀರು ಹಾಕ್ಯಾಳ. ಕಾದ ಆಸಿಡ್‌ಗೆ ನೀರು ಬಿದ್ದದ್ದ ತಡ, ಸಿಡದು ಅಕಿ ಎರಡೂ ಕಣ್ಣಾಗ ಬಿತ್ತು.

ಬಾಗಲಕೋಟಿ ದವಾಖಾನಿಗೆ ಹೋಗಿದ್ದೆ. ಎಡಗಣ್ಣು ಅವತ್ತ ಹೋಗಿತ್ತು. ಬಲಗಣ್ಣಿಂದು ಪಟ್ಟಿ ಬಿಚ್ಚೂತನಕ ಏನೂ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟರ್ರು. ಹಣಮಪ್ಪ ಒಂದ ಮಾತೂ ಬೈಲಿಲ್ಲ. "ಸರ್ ಒಮ್ಮೆ ಬಂದು ಅಕಿನ್ನ ಮಾತಾಡಿಸಿದ್ರ ಸಾಕ್ರಿ" ಅಂದ. ಅವ ಬೈದಿದ್ರ ಚಲೋ ಇತ್ತು. ಬಾರೋ ತಮ್ಮಾ, ಬಂದು ಅಕಿ ಮುಂದ ಕುಂದ್ರು.

ದೇವರು ನಿನಗ ಧೈರ್ಯ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಇದನ್ನ ಅವ್ವಗ ಓದಿ ಹೇಳಬ್ಯಾಡ.

ನಿನ್ನ ಅಕ್ಕ,
ರೇಣವ್ವ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ಇವತ್ತ ಮತ್ತ ದವಾಖಾನಿಗೆ ಹೋದೆ, ಪಟ್ಟಿ ಬಿಚ್ಚಿದ್ರು. ಬಲಗಣ್ಣೂ ಹೋತು. ಸಿದ್ದವ್ವ ನನ್ನ ಕೈ ತಡವಿ ಹಿಡಕೊಂಡು ಕೇಳಿದ್ಲು: "ಅಕ್ಕೋರ, ಆ ಹರಳು ಖರೇನ ಬಿಳಿ ಆತೇನ್ರಿ? ಸರ್ ನೋಡಿರ್ತಾರ, ಕೇಳಿ ಹೇಳ್ರಿ." ಏನ್ ಹೇಳ್ಲೋ ಕಲ್ಲೇಶ? ನೀನೂ ನೋಡಲಿಲ್ಲ.